ಮಣಿಕಟ್ಟಿನ ನರಕ್ಕೆ ಇಂಜೆಕ್ಷನ್: ಸ್ಕ್ಯಾನಿಂಗ್‌ನಲ್ಲಿ ನೋಡುತ್ತಲೇ ಕೊಡಿಸಬೇಕೇ?

ಪ್ರಶ್ನೆ (ಕಲಬುರಗಿಯಿಂದ)

ನಮ್ಮ ತಾಯಿಯವರು ಹಲವು ವರ್ಷಗಳಿಂದ ಇಲ್ಲಿಯ ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಾರೆ. ಈಗ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ರಾತ್ರಿ ಉರಿ ತಾಳಲಾರದೆ ಎದ್ದು ಕೈ ಝಾಡಿಸುತ್ತಾರೆ. ಸಕ್ಕರೆ ಕಾಯಿಲೆಯೂ ಇದೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ಇಂಜೆಕ್ಷನ್ ಕೊಡೋಣ ಎಂದು ಡಾಕ್ಟರ್ ಸಾಹೇಬರು ಹೇಳಿದ್ದಾರೆ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಅಷ್ಟು ಸಣ್ಣ ನರ ಕಾಣುತ್ತದೆಯೇ? ಮೊದಲಿನಂತೆ ಕೈಯಿಂದ ಮುಟ್ಟಿ ಜಾಗ ಗುರುತಿಸಿ ಕೊಟ್ಟರೆ ಸಾಲದೇ?

ಉತ್ತರ 1 (ನೋವು ಚಿಕಿತ್ಸೆ ಮಾಡುವ ಅರಿವಳಿಕೆ ವೈದ್ಯ, ಬೀದರ್)

ಖಂಡಿತ ಕಾಣುತ್ತದೆ. ಯಂತ್ರ ಒಂದೇ ಇದ್ದರೂ ಪ್ರೋಬ್, ಅಂದರೆ ಚರ್ಮದ ಮೇಲೆ ಇಟ್ಟು ನೋಡುವ ಹಿಡಿಕೆ, ಬೇರೆ. ಹೊಟ್ಟೆಯ ಆಳವನ್ನು ನೋಡಲು ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್ ಕಂಪನಾಂಕದ ಶಬ್ದತರಂಗ ಸಾಕು. ಮಣಿಕಟ್ಟಿನ ಮೀಡಿಯನ್ ನರ ಚರ್ಮದ ಕೆಳಗೇ ಇರುವುದರಿಂದ 12 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ಕಂಪನಾಂಕದ ಚಪ್ಪಟೆ ಪ್ರೋಬ್ ಬಳಸುತ್ತೇವೆ. ಅಡ್ಡಲಾಗಿ ನೋಡಿದಾಗ ಆರೋಗ್ಯವಂತ ನರ ಜೇನುಹುಟ್ಟಿನ ಕಣ್ಣುಗಳಂತೆ ತೋರುತ್ತದೆ. ಒತ್ತಡ ಬಿದ್ದ ನರ ಮಣಿಕಟ್ಟಿನಲ್ಲಿ ಅದು ಹಾದುಹೋಗುವ ಸುರಂಗದಂಥ ದಾರಿಯ ಬಾಯಲ್ಲಿ ಊದಿಕೊಂಡು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ, ಆ ಒಳಕಣ್ಣುಗಳು ಅಳಿಸಿಹೋಗುತ್ತವೆ. ಅಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 10 ಚದರ ಮಿಲಿಮೀಟರ್ ದಾಟಿದ್ದರೆ ಅನುಮಾನ ಬಲವಾಗುತ್ತದೆ.

ಆ ಕಿರಿದಾದ ಸುರಂಗದಲ್ಲಿ ನರದ ಜೊತೆಗೆ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು ಹಾದುಹೋಗುತ್ತವೆ. ಕೆಲವರಲ್ಲಿ ನರವೇ ಎರಡಾಗಿ ಸೀಳಿರುತ್ತದೆ, ಇನ್ನು ಕೆಲವರಲ್ಲಿ ಅದರ ಪಕ್ಕದಲ್ಲೇ ಒಂದು ರಕ್ತನಾಳ ಓಡುತ್ತಿರುತ್ತದೆ. ಇವು ಯಾವುವೂ ಬೆರಳಿನ ಸ್ಪರ್ಶಕ್ಕೆ ಸಿಗುವುದಿಲ್ಲ. ಅನುಭವಿಗಳು ಮುಟ್ಟಿ ನೋಡಿಯೇ ಚೆನ್ನಾಗಿ ಕೊಡುತ್ತಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೂಜಿಯ ತುದಿ ನರದೊಳಗೆ ಹೋಗದೆ ಪಕ್ಕದಲ್ಲಿ ನಿಂತಿರುವುದನ್ನೂ, ಔಷಧ ನರದ ಸುತ್ತ ಹರಡುವುದನ್ನೂ ಕಣ್ಣಾರೆ ಕಾಣುವಾಗ ನನಗೆ ಬರುವ ಧೈರ್ಯ ಬೇರೆಯೇ. ಇದರಲ್ಲಿ ಎಕ್ಸ್‌ರೇ ವಿಕಿರಣವೂ ಇಲ್ಲ.

ಉತ್ತರ 2 (ಫಿಜಿಯೋಥೆರಪಿಸ್ಟ್, ಕಲಬುರಗಿ)

ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಸ್ಕ್ಯಾನಿಂಗ್ ನರದ ಆಕಾರವನ್ನು ತೋರಿಸುತ್ತದೆಯೇ ಹೊರತು ಅದು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಅದಕ್ಕೆ ನರದಲ್ಲಿ ಸಂಕೇತ ಎಷ್ಟು ಚೆನ್ನಾಗಿ ಸಾಗುತ್ತದೆ ಎಂದು ಅಳೆಯುವ ನರವಾಹಕತೆಯ ಪರೀಕ್ಷೆ ಬೇಕು. ಸಕ್ಕರೆ ಕಾಯಿಲೆಯಿಂದ ಎರಡೂ ಪಾದಗಳಲ್ಲಿ ಜೋಮು ಇದ್ದರೆ ಅದು ಈ ಇಂಜೆಕ್ಷನ್‌ನಿಂದ ಹೋಗುವುದಿಲ್ಲ. ಇಂಜೆಕ್ಷನ್‌ನಲ್ಲಿ ಊತ ಇಳಿಸುವ ಸ್ಟಿರಾಯ್ಡ್ ಔಷಧ ಕೊಟ್ಟರೆ ಕೆಲವು ದಿನ ರಕ್ತದ ಸಕ್ಕರೆ ಏರಬಹುದು, ಆದ್ದರಿಂದ ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯನ್ನು ರಾತ್ರಿ ಕಟ್ಟಿಸಿ. ಹೆಬ್ಬೆರಳಿನ ಬುಡದ ಮಾಂಸ ಕರಗಿದ್ದರೆ ಇಂಜೆಕ್ಷನ್ನಿಗೆ ಕಾಯದೆ ಶಸ್ತ್ರವೈದ್ಯರನ್ನು ಕಾಣಬೇಕು.

ಮರುಪ್ರಶ್ನೆ (ಕಲಬುರಗಿಯಿಂದ)

ಇಬ್ಬರಿಗೂ ವಂದನೆಗಳು. ತಾಯಿಯವರ ಹೆಬ್ಬೆರಳಿನ ಬುಡ ಕರಗಿಲ್ಲ. ಯಾದಗಿರಿಯಲ್ಲಿರುವ ನಮ್ಮ ಕಾಕಾ ಅವರಿಗೆ ಕಿರುಬೆರಳು, ಉಂಗುರಬೆರಳು ಮರಗಟ್ಟಿವೆ. ಮುಂಗೈ ಮೇಲೆ ಸ್ಪರ್ಶ ತಿಳಿಯದ ಮಸುಕು ಮಚ್ಚೆಯೊಂದಿದೆ. ಅವರಿಗೂ ಇದೇ ಇಂಜೆಕ್ಷನ್ ಕೊಡಿಸಬಹುದೇ?

ಉತ್ತರ 1ರ ವೈದ್ಯರಿಂದ

ಈಗಲೇ ಬೇಡ. ಆ ಬೆರಳುಗಳು ಮೊಣಕೈಯ ಬಳಿ ಹಾದುಬರುವ ಅಲ್ನಾರ್ ಎಂಬ ಬೇರೆ ನರಕ್ಕೆ ಸೇರಿದವು, ಮಚ್ಚೆಯೂ ಇರುವುದರಿಂದ ಮೊದಲು ಕುಷ್ಠರೋಗದ ತಪಾಸಣೆ ಆಗಬೇಕು. ಆ ರೋಗದಲ್ಲಿ ಮೊಣಕೈಯ ಮೇಲ್ಭಾಗದಲ್ಲಿ ನರ ದಪ್ಪವಾಗುವುದನ್ನು ಸ್ಕ್ಯಾನಿಂಗ್ ತೋರಿಸಬಲ್ಲದು, ಆದರೆ ರೋಗ ಗುಣವಾಗುವುದು ಬಹುಔಷಧ ಚಿಕಿತ್ಸೆಯ ಮಾತ್ರೆಗಳಿಂದ. ಸರ್ಕಾರಿ ಆಸ್ಪತ್ರೆಗಳಲ್ಲಿ ಅವು ಉಚಿತ. ಕಾಕಾ ಅವರನ್ನು ಈ ವಾರವೇ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ, ಮಚ್ಚೆಯನ್ನೂ ಮೊಣಕೈಯನ್ನೂ ತೋರಿಸಿ.