ಆಪರೇಷನ್ ನಡುವೆ ಎಚ್ಚರವಾದವರು ಇದ್ದೀರಾ? ಅಮ್ಮನಿಗಾಗಿ ಕೇಳುತ್ತಿದ್ದೇನೆ

ಅಮ್ಮನಿಗೆ ಮುಂದಿನ ವಾರ ಹೊಟ್ಟೆಯ ಆಪರೇಷನ್, ಪೂರ್ತಿ ಅರಿವಳಿಕೆ ಕೊಡುತ್ತಾರಂತೆ. ಹಿಂದಿನ ಸಲ "ಡಾಕ್ಟರು ಮಾತಾಡಿದ್ದು ಕೇಳಿಸ್ತಿತ್ತು ಕಣೋ" ಅಂತ ಈಗಲೂ ಹೇಳ್ತಾರೆ. ರಾತ್ರಿ ನಿದ್ದೆಯೇ ಇಲ್ಲ. ಮೆದುಳಿನ ಮಾನಿಟರ್ ಹಾಕಿ ಅಂತ ಕೇಳಬಹುದಾ?

— ಖಂಡಿತ ಕೇಳಿ. ನನಗೂ ಆಗಿತ್ತು. ಟ್ರೇ ಮೇಲೆ ಏನೋ ಇಟ್ಟ ಸದ್ದು, ಯಾರೋ ಎಣಿಸ್ತಾ ಇದ್ದರು. ಕಿರುಬೆರಳು ಆಡಿಸೋಣ ಅಂದರೆ ಆಗಲಿಲ್ಲ. ನೋವಿರಲಿಲ್ಲ, ಆದರೆ ಸತ್ತೇ ಹೋದೆ ಅಂದುಕೊಂಡೆ. ಸ್ನಾಯು ಸಡಿಲಿಸೋ ಮದ್ದಿನಿಂದ ಹಾಗಾಗಿದ್ದು ಅಂತ ಆಮೇಲೆ ಒಬ್ಬ ಡಾಕ್ಟರು ಕೂತು ವಿವರಿಸಿದರು, ಆವತ್ತೇ ನನಗೆ ನೆಮ್ಮದಿ ಬಂದದ್ದು. ಮುಂದಿನ ಆಪರೇಷನ್‌ಗೆ ಮೊದಲೇ ಎಲ್ಲ ಹೇಳಿದೆ. ಹಣೆಗೆ ಪಟ್ಟಿ ಅಂಟಿಸಿ ಒತ್ತಿದರು, ಸಣ್ಣಗೆ ಚುಚ್ಚಿತು. ಆಮೇಲೆ ಕಣ್ಣು ಬಿಟ್ಟಿದ್ದು ವಾರ್ಡಿನಲ್ಲೇ.

— ನಾನು ಅರಿವಳಿಕೆ ವಿಭಾಗದಲ್ಲಿ ಕೆಲಸ ಮಾಡುವವಳು. ಆ ಪಟ್ಟಿ ಮೆದುಳಿನ ವಿದ್ಯುತ್ ಅಲೆಗಳನ್ನು ಓದಿ 0ಯಿಂದ 100ರೊಳಗೆ ಒಂದು ಅಂಕಿ ತೋರಿಸುತ್ತದೆ. ಬಿಸ್ ಅಂತೀವಿ. ಪೂರ್ತಿ ಎಚ್ಚರವಿದ್ದರೆ ನೂರರ ಹತ್ತಿರ, ಆಪರೇಷನ್ ಹೊತ್ತಿಗೆ 40ರಿಂದ 60 ಇರಬೇಕು. ಆದರೆ ಅದೊಂದನ್ನೇ ನಂಬಿ ಕೂರೋಕೆ ಆಗಲ್ಲ: ಅಂಕಿ ಸ್ವಲ್ಪ ತಡವಾಗಿ ಬದಲಾಗುತ್ತದೆ, ಕೆಟಮಿನ್ ಅನ್ನೋ ಅರಿವಳಿಕೆ ಮದ್ದು ಕೊಟ್ಟಾಗ ದಾರಿ ತಪ್ಪಿಸುತ್ತದೆ. ಅರಿವಳಿಕೆಯನ್ನು ಗ್ಯಾಸ್ ರೂಪದಲ್ಲಿ ಕೊಡುವಾಗ ಉಸಿರಿನಲ್ಲಿ ಹೊರಬರುವ ಗ್ಯಾಸ್ ಅಳೆದು ಅಲಾರಂ ಇಟ್ಟರೂ ಅಷ್ಟೇ ರಕ್ಷಣೆ ಸಿಗುತ್ತದೆ ಅಂತ 2008 ಮತ್ತು 2011ರ ದೊಡ್ಡ ಅಧ್ಯಯನಗಳಲ್ಲಿ ಕಂಡುಬಂತು. ಬರೀ ರಕ್ತನಾಳದ ಮೂಲಕವೇ ಮದ್ದು ಹೋಗುತ್ತಿದ್ದು, ಜೊತೆಗೆ ಸ್ನಾಯು ಸಡಿಲಿಸುವ ಮದ್ದೂ ಇದ್ದರೆ ಮಾತ್ರ ನಾನು ಬಿಸ್ ಬೇಕೇ ಬೇಕು ಅಂತೀನಿ, ಆಗ ಅಳೆಯೋಕೆ ಗ್ಯಾಸೇ ಇರಲ್ಲವಲ್ಲ.

ಹೀಗೆ ನಡುವೆ ಎಚ್ಚರವಾಗೋದು ಅಪರೂಪ. 2014ರಲ್ಲಿ ಬ್ರಿಟನ್, ಐರ್ಲೆಂಡ್‌ಗಳಲ್ಲಿ ಲೆಕ್ಕ ಹಾಕಿದಾಗ ದೂರು ಬಂದದ್ದು ಸುಮಾರು 19,000ಕ್ಕೆ ಒಬ್ಬರಿಂದ. ಅದರಲ್ಲೂ ಹೆಚ್ಚಿನವು ಮದ್ದು ಹಿಡಿಯುವಾಗ ಇಲ್ಲವೇ ಇಳಿಯುವಾಗ ಆದವು. ಅದಕ್ಕೇ ಅಮ್ಮನನ್ನು ಮೆಲ್ಲಗೆ ಕೇಳಿ, ಮಾತು ಕೇಳಿಸಿದ್ದು ಯಾವಾಗ? ಆಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಾ? ಹಾಗಿದ್ದರೆ ಎಚ್ಚರವಿರುವುದರಿಂದ ಮಾತು ಕೇಳಿಸೋದು ಸಹಜವೇ. "ಭ್ರಮೆ ಬಿಡಮ್ಮಾ" ಅಂತ ಮಾತ್ರ ಯಾರೂ ಅನ್ನಬೇಡಿ.

— ಕೇಳಿದೆ. ಬೆನ್ನಿಗೆ ಕೊಟ್ಟಿರಲಿಲ್ಲವಂತೆ. "ಬಾಯಿಂದ ಪೈಪ್ ಎಳೀತಾ ಇದ್ದರು, ಕಣ್ಣು ತೆರೆಯೋಕೆ ಆಗ್ತಿರಲಿಲ್ಲ" ಅಂದರು. ಇಷ್ಟು ವರ್ಷ ನಾವು ಯಾರೂ ಕೇಳಿಯೇ ಇರಲಿಲ್ಲ. ಹಳೇ ಡಿಸ್ಚಾರ್ಜ್ ಚೀಟಿ ಸಿಕ್ಕಿದೆ, ನಾಳೆ ಅರಿವಳಿಕೆ ಡಾಕ್ಟರಿಗೆ ತೋರಿಸುತ್ತೇನೆ.