ವಾಗ್ಗೇಯಕಾರ ಅನ್ನಬಹುದೇ? ನೀಷೆಯ ಸಂಗೀತಕ್ಕೆ ಕನ್ನಡ ಪದ ಬೇಕು

ಗೆಳೆಯರೇ, ನಮಸ್ಕಾರ.

ಜರ್ಮನ್ ತತ್ವಜ್ಞಾನಿ ನೀಷೆಯ ಸಂಗೀತದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. (ನೀಚೆ, ನೀತ್ಸೆ, ನೀಷೆ ಎಂದು ಮೂರು ತರಹ ಬರೆಯುವುದನ್ನು ನೋಡಿದ್ದೇನೆ. 'ನೀಚೆ' ಅಂದರೆ ಪಾಪ, ಬೈದ ಹಾಗಾಗುತ್ತದೆ.) ಅವನ ಪುಸ್ತಕಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಅವನು ಹುಡುಗನಾಗಿದ್ದಾಗಿನಿಂದ ಪಿಯಾನೋಗೆ, ಹಾಡಿಗೆ ಸಂಗೀತ ಬರೆಯುತ್ತಿದ್ದ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಈ ಕೆಲಸ ಮಾಡುವವನಿಗೆ, ಅಂದರೆ ಕಂಪೋಸರ್‌ಗೆ, ಕನ್ನಡದಲ್ಲಿ ಏನನ್ನೋಣ?

ಮೊದಲು ಹೊಳೆದದ್ದು ವಾಗ್ಗೇಯಕಾರ. ಎಷ್ಟು ಚೆಂದದ ಪದ! ಆದರೆ 13ನೇ ಶತಮಾನದಲ್ಲಿ ಶಾರ್ಙ್ಗದೇವ 'ಸಂಗೀತರತ್ನಾಕರ'ದಲ್ಲಿ ಇದಕ್ಕೆ ಗಟ್ಟಿ ಬೇಲಿ ಹಾಕಿದ್ದಾನೆ. ವಾಕ್ಕು, ಗೇಯ ಎರಡನ್ನೂ ಮಾಡಿದವನೇ ವಾಗ್ಗೇಯಕಾರ. ಅವನ ಲೆಕ್ಕದಲ್ಲಿ ಸಾಹಿತ್ಯಕ್ಕೆ 'ಮಾತು', ಸಂಗೀತಕ್ಕೆ 'ಧಾತು' ಎಂದು ಹೆಸರು. ಪುರಂದರದಾಸರು, ತ್ಯಾಗರಾಜರು ಈ ಬೇಲಿಯೊಳಗೆ ಸುಲಭವಾಗಿ ಬರುತ್ತಾರೆ. ನೀಷೆ ಬರುತ್ತಾನಾ?

ಬರೋದಿಲ್ಲ. ಹದಿಹರೆಯದಲ್ಲಿ ಅವನು ಕಟ್ಟಿದ ಹಾಡುಗಳ ಸಾಹಿತ್ಯ ಹೆಚ್ಚಾಗಿ ಬೇರೆಯವರದು. ಜರ್ಮನ್ ಕವಿಗಳಾದ ಶಾಮಿಸ್ಸೋ, ರ‍್ಯೂಕರ್ಟ್, ಹಂಗೇರಿಯ ಪೆಟೊಫಿ, ರಷ್ಯದ ಪುಷ್ಕಿನ್. 1865ರಲ್ಲಿ ಮೀನುಗಾರ ಹುಡುಗಿಯೊಬ್ಬಳ ಬಗ್ಗೆ ಬರೆದ ಹಾಡಿನಲ್ಲಿ ಮಾತೂ ಅವನದೇ, ಧಾತುವೂ ಅವನದೇ. ಆ ಒಂದು ಹಾಡಿನ ಮಟ್ಟಿಗೆ ಬೇಕಾದರೆ ವಾಗ್ಗೇಯಕಾರ ಅನ್ನಿ.

ಅವನು ಬದುಕಿದ್ದಾಗ ತಾನೇ ಅಚ್ಚು ಹಾಕಿಸಿದ ಸಂಗೀತ ಒಂದೇ ಒಂದು. ಗಾಯಕವೃಂದಕ್ಕೂ ವಾದ್ಯವೃಂದಕ್ಕೂ ಬರೆದ 'ಬದುಕಿನ ಸ್ತುತಿ', 1887ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಕಟವಾಯಿತು. ಇದರ ಮಾತು ಲೂ ಸಲೋಮೆ ಎಂಬ ರಷ್ಯದ ತರುಣಿಯದು. ಧಾತು ನೀಷೆಯದು. ಅದೂ ಗೆಳೆತನದ ಮೇಲೆ ಬರೆದಿದ್ದ ಹಳೆಯ ಪಿಯಾನೋ ರಚನೆಯೊಂದರಿಂದ ಎತ್ತಿಕೊಂಡದ್ದು. 1882ರಲ್ಲಿ ಅದೇ ಧಾತುವಿಗೆ ಸಲೋಮೆಯ ಕವಿತೆ ಕೂಡಿಸಿದ. ವಾದ್ಯಗಳಿಗೆ ಹಂಚಿ ಬರೆಯಲು ನೆರವಾದವನು ಪೀಟರ್ ಗಾಸ್ಟ್ ಎಂಬ ಗೆಳೆಯ. ಸಾಹಿತ್ಯವೂ ನೀಷೆಯದೇ ಎಂದು ಜನ ತಿಳಿದುಕೊಂಡಿದ್ದರು. ಅದಕ್ಕೇ 1888ರಲ್ಲಿ ಬರೆದ 'ಎಕ್ಕೆ ಹೋಮೊ' ಎಂಬ ಆತ್ಮಕಥೆಯಲ್ಲಿ, ಈ ಪದ್ಯ ನನ್ನದಲ್ಲ, ಆಕೆಯದು ಎಂದು ಅವನೇ ಬಾಯಿಬಿಟ್ಟು ಹೇಳಿದ್ದಾನೆ. ವಾಕ್ಕು ನನ್ನದಲ್ಲ ಅಂತ ಆಸಾಮಿಯೇ ಹೇಳಿದ ಮೇಲೆ ನಾವು ವಾಗ್ಗೇಯಕಾರ ಅಂದರೆ ಹೇಗೆ?

ಶಾರ್ಙ್ಗದೇವನಲ್ಲಿ ಇನ್ನೂ ಒಂದು ಪದ ಇದೆ, ಕುಟ್ಟಿಕಾರ. ಬೇರೆಯವರ ಧಾತುವಿಗೆ ಮಾತು ಹೊಂದಿಸುವವನು. ಇವತ್ತು ಸಿನಿಮಾದಲ್ಲಿ ಟ್ಯೂನ್ ಕೇಳಿಕೊಂಡು ಸಾಹಿತ್ಯ ಬರೆಯುವವರೆಲ್ಲ ಕುಟ್ಟಿಕಾರರೇ. ಆದರೆ ನಮಗೆ ಬೇಕಾದದ್ದು ಇದರ ತಿರುಗುಮುರುಗು. ಬೇರೆಯವರ ಮಾತಿಗೆ ಧಾತು ಕಟ್ಟುವವನು. ಧಾತುಕಾರ ಅನ್ನಬಹುದಾ? ಅರ್ಥ ಸರಿ ಇದೆ. ಓದುಗರು ಮಾತ್ರ ಕಬ್ಬಿಣ, ತಾಮ್ರದ ಕಡೆಗೆ ಹೋಗಿಬಿಡುತ್ತಾರೇನೋ ಅಂತ ಅಳುಕು.

ಇನ್ನೊಂದು ತಮಾಷೆ ಹೇಳದಿದ್ದರೆ ಸಮಾಧಾನವಿಲ್ಲ. ಮಾತು ಸೊಗಸಾಗಿದ್ದು ಧಾತು ಮಂಕಾಗಿದ್ದರೆ ಅಂಥವನು ಅಧಮ ಎಂದು ಶಾರ್ಙ್ಗದೇವ ದರ್ಜೆ ಕಟ್ಟಿದ್ದಾನೆ. ಹಾನ್ಸ್ ಫಾನ್ ಬ್ಯೂಲೋ ಇದನ್ನು ಓದಿದ್ದರೆ ತಲೆದೂಗುತ್ತಿದ್ದನೇನೋ. 1865ರಲ್ಲಿ ವಾಗ್ನರ್‌ನ 'ಟ್ರಿಸ್ಟಾನ್' ಒಪೆರಾದ ಮೊದಲ ಪ್ರದರ್ಶನ ನಡೆಸಿಕೊಟ್ಟ ದೊಡ್ಡ ಸಂಗೀತಗಾರ ಅವನು. ನೀಷೆ 1872ರಲ್ಲಿ ಬೈರನ್‌ನ 'ಮ್ಯಾನ್‌ಫ್ರೆಡ್' ನಾಟಕದ ಗುಂಗಿನಲ್ಲಿ, ಇಬ್ಬರು ಕೂತು ನುಡಿಸುವಂಥ ಪಿಯಾನೋ ರಚನೆ ಬರೆದು ಅವನಿಗೆ ಕಳಿಸಿದ. ಜುಲೈನಲ್ಲಿ ಉತ್ತರ ಬಂತು. ಇಷ್ಟು ಸಂಗೀತವಿರೋಧಿಯಾದದ್ದನ್ನು ಸ್ವರ ಬರೆಯುವ ಹಾಳೆಯ ಮೇಲೆ ನೋಡಿ ಬಹಳ ಕಾಲವಾಯಿತು, ಇದೇನು ತಮಾಷೆಗೆ ಬರೆದದ್ದೋ ಅನ್ನುವ ಧಾಟಿಯ ಉತ್ತರ. ನೀಷೆ ತಿಂಗಳುಗಟ್ಟಲೆ ಸುಮ್ಮನಿದ್ದು, ಅಕ್ಟೋಬರ್‌ನಲ್ಲಿ ಥ್ಯಾಂಕ್ಸ್ ಹೇಳಿ ಬರೆದ. ಆಮೇಲೆ ಅವನು ಹೊಸದಾಗಿ ಬರೆದ ಸಂಗೀತ ತೀರಾ ಕಡಿಮೆ.

ಇಲ್ಲೇ ನನ್ನ ಎರಡನೇ ತೊಡಕು. 'ನೀಷೆಯ 1872ರ ಕೃತಿ' ಎಂದು ಬರೆದಿದ್ದೆ. ಲೇಖನ ಓದಿದ ಸ್ನೇಹಿತರೊಬ್ಬರು, ಯಾವುದಪ್ಪಾ, ಪುಸ್ತಕವಾ, ಸಂಗೀತವಾ ಅಂತ ಕೇಳಿದರು. ಅದೇ ವರ್ಷ ಅವನ ಮೊದಲ ಪುಸ್ತಕ, ಗ್ರೀಕ್ ದುರಂತ ನಾಟಕದ ಹುಟ್ಟಿನ ಬಗ್ಗೆ ಬರೆದದ್ದು, ಹೊರಬಂದಿತ್ತು. ಸಂಗೀತದ ಮಂದಿಗೆ ಕೃತಿ ಅಂದರೆ ಪಲ್ಲವಿ, ಅನುಪಲ್ಲವಿ, ಚರಣ. ಸಾಹಿತ್ಯದ ಮಂದಿಗೆ ಕೃತಿ ಅಂದರೆ ಪುಸ್ತಕ. ಎರಡನ್ನೂ ಮಾಡಿದವನ ವಿಷಯ ಬರೆಯುವಾಗ ಈ ಪದ ಮುಟ್ಟಲೇಬಾರದು ಅನ್ನಿಸಿದೆ. ಈಗ ಪುಸ್ತಕಕ್ಕೆ ಪುಸ್ತಕ ಅಂತಲೇ, ಸಂಗೀತಕ್ಕೆ 'ರಚನೆ' ಅಂತ ಹಾಕಿದ್ದೇನೆ.

ಇನ್ನು ಬಳಕೆಯಲ್ಲಿರುವ ಪದಗಳು. ರಾಗಸಂಯೋಜನೆ ಭಾವಗೀತೆಗೆ ಹೇಳಿ ಮಾಡಿಸಿದ್ದು. ಶರೀಫರ ತತ್ವಪದಗಳಿಗೆ ಸಿ. ಅಶ್ವತ್ಥ್ ಮಾಡಿದ್ದು ಅದನ್ನೇ, ಅವರನ್ನು ಯಾರೂ ವಾಗ್ಗೇಯಕಾರ ಅನ್ನುವುದಿಲ್ಲ. ಆದರೆ ರಾಗವೇ ಇಲ್ಲದ ಸಂಗೀತಕ್ಕೆ ರಾಗಸಂಯೋಜನೆ ಅಂದರೆ ಕಿವಿಗೆ ಒಗ್ಗುವುದಿಲ್ಲ. ಸಂಗೀತ ನಿರ್ದೇಶಕ ಪೂರ್ತಿ ಸಿನಿಮಾದ ಪದ. ಬರೀ ಸಂಯೋಜಕ ಅಂದರೆ ಕಾಲೇಜಿನ ಕಾರ್ಯಕ್ರಮ ಸಂಯೋಜಕರು ಫೈಲು ಹಿಡಿದು ನಿಂತ ಹಾಗೆ ಕಾಣುತ್ತದೆ. ತತ್ವಜ್ಞಾನಿಯ ಹಾಡು ಅಂತ ತತ್ವಪದಕಾರ ಎನ್ನೋಣವೇ ಎಂದು ಒಬ್ಬರು ಕಾಲೆಳೆದರು. ನಿಜಗುಣ ಶಿವಯೋಗಿಗಳ 'ಕೈವಲ್ಯ ಪದ್ಧತಿ'ಯಲ್ಲಿ ತತ್ವವೇ ಹಾಡಾಗಿದೆ, ಅಲ್ಲಿ ಸರಿ. ನೀಷೆಯ ಪಿಯಾನೋ ರಚನೆಗಳಲ್ಲಿ ಪದವೇ ಇಲ್ಲವಲ್ಲ!

ಸದ್ಯಕ್ಕೆ ನನ್ನ ಒಲವು 'ಸಂಗೀತ ರಚನಕಾರ'ದ ಕಡೆಗೆ. ಸ್ವಲ್ಪ ಕಚೇರಿ ಕನ್ನಡದ ವಾಸನೆ ಇದೆ, ಆದರೆ ಮಾತಿರಲಿ, ಇಲ್ಲದಿರಲಿ, ಎರಡಕ್ಕೂ ನಡೆಯುತ್ತದೆ. ಕ್ರಿಯಾಪದಕ್ಕೆ 'ಕಟ್ಟು' ಸಾಕು, ಹಾಡು ಕಟ್ಟಿದ, ಮಟ್ಟು ಕಟ್ಟಿದ. ರಚನಕಾರವೋ ರಚನೆಕಾರವೋ ಅನ್ನುವುದನ್ನೂ ಯಾರಾದರೂ ಬಗೆಹರಿಸಿ. ಹಳ್ಳಿಯ ಭಜನೆ ಮೇಳದಲ್ಲಿ, ಯಕ್ಷಗಾನದಲ್ಲಿ ಹೊಸ ಮಟ್ಟು ಕಟ್ಟುವವರಿಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಖಂಡಿತ ತಿಳಿಸಿ.

ಕೊನೆಗೊಂದು ಸಣ್ಣ ಪ್ರಶ್ನೆ. ನೀಷೆ ಪಿಯಾನೋ ಮುಂದೆ ಕೂತರೆ ಬರೆದದ್ದನ್ನು ಬಿಟ್ಟು ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುತ್ತಿದ್ದ. 1889ರ ಜನವರಿಯಲ್ಲಿ ಟ್ಯುರಿನ್‌ನಲ್ಲಿ ಬುದ್ಧಿ ಕೈಕೊಟ್ಟ ಮೇಲೂ ಬೆರಳು ಬಿಟ್ಟಿರಲಿಲ್ಲ. ನಮ್ಮ ಸಂಗೀತ ಕಛೇರಿಯ ಭಾಷೆಯಲ್ಲಿ ಇದು ಮನೋಧರ್ಮ. ಆದರೆ 'ಟ್ಯುರಿನ್ ನಂತರವೂ ಅವನ ಮನೋಧರ್ಮ ಚೆನ್ನಾಗಿತ್ತು' ಎಂದು ಬರೆದರೆ ಓದಿದವರು ಏನಂದುಕೊಳ್ಳಬೇಕು? ಆಶುಕವಿತೆ ಇರುವ ಹಾಗೆ 'ಆಶುವಾದನ' ಅಂದರೆ ನಡೆಯುತ್ತದಾ, ಅಥವಾ ಸುಮ್ನೆ 'ತೋಚಿದ್ದು ನುಡಿಸುತ್ತಿದ್ದ' ಅಂತಲೇ ಬಿಡಲಾ?