ಸಾಮಾನ್ಯ ಸೌಲಭ್ಯ ಕೇಂದ್ರ ನಿಜವಾಗಿ ಉಪಯೋಗಕ್ಕೆ ಬಂದಿದೆಯೇ? ಬಲ್ಲವರು ತಿಳಿಸಿ

ಹುಬ್ಬಳ್ಳಿ ಕಡೆಯ ಒಂದು ಸಣ್ಣ ಕೈಗಾರಿಕಾ ಸಂಘದ ಕಾರ್ಯದರ್ಶಿ ನಾನು. ನಮ್ಮ ಲೇತ್ ಮತ್ತು ಫೌಂಡ್ರಿ ಘಟಕಗಳವರು ಸೇರಿ ಎಸ್‌ಪಿವಿ (ಇದಕ್ಕೆಂದೇ ಸದಸ್ಯರು ಷೇರು ಹಾಕಿ ಕಟ್ಟುವ ಜಂಟಿ ಸಂಸ್ಥೆ) ಕಟ್ಟಿ, ಎಲ್ಲರೂ ಶುಲ್ಕ ಕೊಟ್ಟು ಬಳಸುವ ಇಂಥದೊಂದು ಕೇಂದ್ರಕ್ಕೆ, ಅಂದರೆ ಪ್ರಯೋಗಾಲಯ ಮತ್ತು ಉಕ್ಕನ್ನು ಕಾಯಿಸಿ ಹದಗೊಳಿಸುವ ಹೀಟ್ ಟ್ರೀಟ್‌ಮೆಂಟ್ ಕುಲುಮೆಗೆ, ಕೇಂದ್ರ ಸರ್ಕಾರವು ಸಣ್ಣ ಉದ್ದಿಮೆಗಳ ಗುಂಪಿಗೆ ಅನುದಾನ ಕೊಡುವ ಕ್ಲಸ್ಟರ್ ಯೋಜನೆಯಡಿ ಅರ್ಜಿ ಹಾಕಬೇಕೆಂದಿದ್ದೇವೆ. ಅದಕ್ಕೂ ಮೊದಲು ಬೇರೆ ಊರುಗಳ ಕೇಂದ್ರಗಳನ್ನು ನೋಡಿ ಬರುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದಲ್ಲೆಲ್ಲ ಚಹಾ ಕೊಡುತ್ತಾರೆ, ಉದ್ಘಾಟನೆಯ ಫೋಟೊ ತೋರಿಸುತ್ತಾರೆ. ನಾನು ಏನು ಕೇಳಬೇಕು?

ಫೌಂಡ್ರಿ ಮಾಲೀಕ:
ಯಂತ್ರ ನೋಡಬೇಡಿ, ಯಾರು ಯಾವ ಕೆಲಸ ಮಾಡಿಸಿಕೊಂಡರು ಎಂದು ಬರೆದಿಡುವ ಜಾಬ್ ರಿಜಿಸ್ಟರ್ ನೋಡಿ. ಅದನ್ನೂ ಒಂದೊಂದು ಸೇವೆಗೆ ಬೇರೆ ಬೇರೆಯಾಗಿ ನೋಡಿ. ನಮ್ಮ ಕೇಂದ್ರಕ್ಕೆ ಲೋಹದಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರ್ ಬೇಕೇಬೇಕೆಂದು ಹಟ ಹಿಡಿದವರಲ್ಲಿ ನಾನೂ ಒಬ್ಬ. ಕುಲುಮೆಯಲ್ಲಿ ಲೋಹ ಕರಗಿ ನಿಂತಿರುವಾಗಲೇ ಇಂಗಾಲ, ಸಿಲಿಕಾನ್ ಎಷ್ಟಿದೆ ಎಂದು ತಿಳಿಯಬೇಕು. ಎರಕ ಹೊಯ್ದ ಮೇಲೆ ತಿಳಿದು ಏನು ಫಲ? ಹುಡುಗ ಸ್ಯಾಂಪಲ್ ಹಿಡಿದು ಬೈಕಿನಲ್ಲಿ ಹೋಗಿ, ಸರದಿ ಕಾದು, ಫೋನ್ ಮಾಡುವ ಹೊತ್ತಿಗೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಲೋಹವನ್ನು ಬಿಸಿಯಾಗಿಡುವ ಕರೆಂಟಿನ ದುಡ್ಡು ನನ್ನದೇ. ಕೊನೆಗೆ ನಾಲ್ವರು ಸ್ವಂತದ್ದನ್ನೇ ಕೊಂಡರು. ಅದೇ ಪ್ರಯೋಗಾಲಯದ ಟೆನ್ಸೈಲ್ ಪರೀಕ್ಷೆಗೆ (ಲೋಹವನ್ನು ಎಳೆದು ಬಲ ನೋಡುವುದು) ಮಾತ್ರ ಇವತ್ತಿಗೂ ಸಾಲು ತಪ್ಪಿಲ್ಲ. ಗಿರಾಕಿ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ವರದಿ ಕೇಳುತ್ತಾನೆ, ಅದಕ್ಕೆ ಎರಡು ದಿನ ಕಾಯುವುದು ಯಾರಿಗೂ ಕಷ್ಟವಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ:
ಹನ್ನೆರಡು ತಿಂಗಳ ವಿದ್ಯುತ್ ಬಿಲ್ ಕೇಳಿ. ನಿಗದಿತ ಶುಲ್ಕ ಯಂತ್ರ ಮಲಗಿದ್ದರೂ ಬರುತ್ತದೆ. ಬಳಸಿದ ಯೂನಿಟ್ ಸುಳ್ಳು ಹೇಳುವುದಿಲ್ಲ. ಇನ್ನೊಂದು, ಸವಕಳಿ ನಿಧಿ, ಅಂದರೆ ಯಂತ್ರ ಸವೆದಾಗ ಹೊಸದು ಕೊಳ್ಳಲು ಎತ್ತಿಡುವ ದುಡ್ಡು. ನೀವು ಹೇಳಿದ ಕ್ಲಸ್ಟರ್ ಯೋಜನೆಯ 2022ರ ಮಾರ್ಗಸೂಚಿಯಲ್ಲಿ 5ರಿಂದ 10 ಕೋಟಿ ರೂಪಾಯಿಯ ಕೇಂದ್ರಕ್ಕೆ ಶೇ 70, 10ರಿಂದ 30 ಕೋಟಿಯದಕ್ಕೆ ಶೇ 60ರಷ್ಟು ಅನುದಾನವಿದೆ. ಯಂತ್ರ ಅನುದಾನದ್ದು ಎಂಬ ಧೈರ್ಯದಲ್ಲಿ ಸವಕಳಿಯನ್ನು ಬಿಟ್ಟು ದರ ಕಟ್ಟುತ್ತಾರೆ. ಅಗ್ಗದ ದರಕ್ಕೆ ಸದಸ್ಯರು ಖುಷಿ, ಪಕ್ಕದ ಬೀದಿಯಲ್ಲಿ ಅದೇ ಜಾಬ್ ವರ್ಕ್ ಮಾಡುತ್ತಿದ್ದವನು ಅಂಗಡಿ ಮುಚ್ಚುತ್ತಾನೆ. ಕೆಲವು ವರ್ಷಗಳ ಮೇಲೆ ಯಂತ್ರ ಹಳತಾದಾಗ ಹೊಸದಕ್ಕೆ ದುಡ್ಡೂ ಇಲ್ಲ, ಹೋಗೋಣವೆಂದರೆ ಆ ಅಂಗಡಿಯೂ ಇಲ್ಲ.

ಸಿದ್ಧ ಉಡುಪು ಘಟಕ ನಡೆಸುವವಳು:
ನಮ್ಮ ಕೇಂದ್ರದ ಕ್ಯಾಡ್ ವಿಭಾಗಕ್ಕೆ (ಕಂಪ್ಯೂಟರಿನಲ್ಲಿ ಉಡುಪಿನ ಪ್ಯಾಟರ್ನ್ ಬಿಡಿಸುವ ಕಡೆ) ನಾನು ಎರಡೇ ಸಲ ಹೋದದ್ದು. ಅಲ್ಲಿನ ನಿರ್ದೇಶಕರೊಬ್ಬರು ನನ್ನದೇ ಗಿರಾಕಿಗೆ ಮಾಲು ಕೊಡುವವರು. ನನ್ನ ಪ್ಯಾಟರ್ನ್ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ದರ ಚೆನ್ನಾಗಿತ್ತು ಸರ್, ಭಯ ಬಿಡಲಿಲ್ಲ. ಇದು ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ. ಬರುವುದನ್ನು ನಿಲ್ಲಿಸಿದವರ ಪಟ್ಟಿ ಮಾಡಿ, ಅವರ ಮನೆಬಾಗಿಲಿಗೆ ಹೋಗಿ.

ಕಾಲೇಜು ಅಧ್ಯಾಪಕ:
ಮೇಲಿನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಸದಸ್ಯರ ವಹಿವಾಟು ಇಷ್ಟು ಪಟ್ಟು ಹೆಚ್ಚಿತು ಎಂಬ ಹಾಳೆಯನ್ನು ನಿಮ್ಮ ಕೈಗಿಡುತ್ತಾರೆ. ಷೇರು ಹಾಕಿದವರು ಮೊದಲೇ ನಾಲ್ಕು ಹೆಜ್ಜೆ ಮುಂದಿದ್ದವರು, ಕೇಂದ್ರವಿಲ್ಲದಿದ್ದರೂ ಬೆಳೆಯುತ್ತಿದ್ದರು. ಅಷ್ಟೇ ಗಾತ್ರದ, ಸದಸ್ಯರಲ್ಲದ ಘಟಕಗಳ ಅದೇ ವರ್ಷಗಳ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ರಿಜಿಸ್ಟರ್ ತುಂಬಿದ್ದರೂ ಹೆಸರು ಎಣಿಸಿ. ಮೂರೇ ಘಟಕಗಳ ಹೆಸರು ಮತ್ತೆ ಮತ್ತೆ ಬಂದರೆ ಅದು ಮೂವರ ಕಾರ್ಖಾನೆ.

ಫೌಂಡ್ರಿ ಮಾಲೀಕ:
ಕಾರ್ಯದರ್ಶಿಗಳೇ, ನಿಮ್ಮ ಹೀಟ್ ಟ್ರೀಟ್‌ಮೆಂಟ್ ಬಗ್ಗೆ ಹೇಳಲು ಮರೆತೆ. ಕುಲುಮೆ ತುಂಬಿದರೆ ಮಾತ್ರ ಲಾಭ. ಇಎನ್-8 ಮತ್ತು ಇಎನ್-353 ಬೇರೆ ಬೇರೆ ಬಗೆಯ ಉಕ್ಕು, ಒಂದೇ ಲೋಡಿನಲ್ಲಿ ಹೋಗುವುದಿಲ್ಲ. ಇಪ್ಪತ್ತು ಕಿಲೋ ತಂದವನು ತನ್ನ ಉಕ್ಕಿನವರು ಇನ್ನೂ ಹತ್ತು ಜನ ಬರುವವರೆಗೆ ಕಾಯಬೇಕು. ದೊಡ್ಡ ಕುಲುಮೆ ತರಿಸಿದವರನ್ನು ಇದೊಂದು ಪ್ರಶ್ನೆ ಕೇಳಿ, ಮುಖ ನೋಡಿ.

ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಪ್ರವಾಸವನ್ನು ಹದಿನೈದು ದಿನ ಮುಂದೆ ಹಾಕಿದ್ದೇನೆ. ಯಾರು ಯಾವ ಉಕ್ಕು, ತಿಂಗಳಿಗೆ ಎಷ್ಟು ಕಿಲೋ ಕಳಿಸುತ್ತೀರಿ ಎಂದು ನಮ್ಮವರನ್ನೇ ಮೊದಲು ಕೇಳುತ್ತಿದ್ದೇನೆ. ಕುಲುಮೆ ಬೇಕೆಂದು ಕೈ ಎತ್ತಿದವರು ಇಪ್ಪತ್ತಾರು. ಕಿಲೋ ಬರೆದುಕೊಟ್ಟವರು ಇಲ್ಲಿಯವರೆಗೆ ಒಂಬತ್ತು.